ಎದೆ ಸೀಳದೆ ಹೊಸ ವಾಲ್ವ್: ಎಂಬತ್ತು ದಾಟಿದವರ ಮನೆಗಳಿಂದ ಬಂದ ಪ್ರಶ್ನೆಗಳು

ಹೋದ ಸಂಚಿಕೇಲಿ ಹೃದಯದ ಅಯೋರ್ಟಿಕ್ ವಾಲ್ವ್ ವಯಸ್ಸಾದ ಮೇಲೆ ಕಿರಿದಾಗೋದರ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಬರ್ತವೆ ಅಂದ್ಕೊಂಡಿರ್ಲಿಲ್ಲ. ಬರೆದವರು ಹೆಚ್ಚಾಗಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಕಾಯಿಲೆ ಇರೋರೇ ಸ್ವತಃ ಬರೆದಿದ್ದು ಒಂದೇ ಒಂದು ಪತ್ರ, ಅದನ್ನೂ ಕೆಳಗೆ ಹಾಕಿದೀನಿ, ದಯವಿಟ್ಟು ಅದನ್ನ ಬಿಡದೆ ಓದಿ. ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ನಮ್ಮ ಅವ್ವಗ 86 ವರ್ಷರೀ. ಮೊನ್ನೆ ಹಿತ್ತಲದಾಗ ಅರಿವಿ ಒಣಾ ಹಾಕೂ ಮುಂದ ಕಣ್ಣಿಗೆ ಕತ್ತಲಿ ಬಂದು ಬಿದ್ಲು. ಹುಬ್ಬಳ್ಳ್ಯಾಗ ಎಕೋ ಮಾಡಿ ವಾಲ್ವ್ ಭಾಳ ಸಣ್ಣ ಆಗೇತಿ, ತೊಡಿಯಿಂದ ಹೊಸಾ ವಾಲ್ವ್ ಹಾಕಬೇಕು ಅಂದಾರ. ನಮ್ಮಣ್ಣ ‘ಈ ವಯಸ್ಸಿನ್ಯಾಗ ಯಾಕ ತ್ರಾಸ ಕೊಡೂದು, ಗುಳಿಗಿ ಮ್ಯಾಲೆ ಇರ್ಲಿ ಬಿಡು’ ಅಂತಾನ. ಏನ ಮಾಡೂದು ತಿಳೀವಲ್ತು.
- ಹಾವೇರಿ ಜಿಲ್ಲೆಯ ಒಬ್ಬ ಮಗಳು

ಉತ್ತರ: ಅಕ್ಕಾ, ನಿಮ್ಮಣ್ಣ ಹೇಳೋದ್ರಲ್ಲಿ ಪ್ರೀತಿ ಇದೆ, ಅದು ನನಗೆ ಕಾಣುತ್ತೆ. ಆದ್ರೆ ಅದರೊಳಗೆ ಒಂದು ಲೆಕ್ಕ ತಪ್ಪಿದೆ. ಏನೂ ಮಾಡಿಸದಿದ್ರೆ ಅವ್ವ ಈಗ ಹೇಗಿದಾರೋ ಹಾಗೇ ಇರ್ತಾರೆ ಅಂತ ಅವರು ಅಂದ್ಕೊಂಡಿದಾರೆ. ಹಾಗೆ ಇರೋದಿಲ್ಲ.

ಹೃದಯದಿಂದ ಇಡೀ ಮೈಗೆ ರಕ್ತ ಹೊರಡೋ ಬಾಗಿಲಲ್ಲಿ ಮೂರು ತೆಳ್ಳನೆ ಎಸಳು ಇರ್ತವೆ, ಅದೇ ಅಯೋರ್ಟಿಕ್ ವಾಲ್ವ್. ಆರೋಗ್ಯವಾಗಿದ್ದಾಗ ಅದು 3ರಿಂದ 4 ಚದರ ಸೆಂಟಿಮೀಟರ್ ತೆರ್ಕೊಳ್ಳುತ್ತೆ. ವಯಸ್ಸಾಗ್ತಾ ಕೆಲವರಿಗೆ ಎಸಳಿನ ಮೇಲೆ ಸುಣ್ಣ ಕಟ್ಟುತ್ತೆ, ಬೋರ್‌ವೆಲ್ ನೀರು ಕಾಯಿಸೋ ಹಂಡೆ ಒಳಗೆ ಬಿಳಿ ಪದರ ಕಟ್ಟುತ್ತಲ್ಲ ಹಾಗೆ, ಆಮೇಲೆ ಅದು ಬಗ್ಗೋದೇ ಇಲ್ಲ. ತೆರಪು 1 ಚದರ ಸೆಂಟಿಮೀಟರಿಗಿಂತ ಕಮ್ಮಿ ಆಯ್ತು ಅಂದ್ರೆ ತೀವ್ರ ಅಂತ ಲೆಕ್ಕ, ಅಂದ್ರೆ ಒಂದು ಶರ್ಟಿನ ಗುಂಡಿಯಷ್ಟು ಜಾಗದಲ್ಲಿ ಇಡೀ ದೇಹದ ರಕ್ತ ಹೋಗ್ಬೇಕು. ಎಷ್ಟೋ ವರ್ಷ ಹೃದಯ ದಪ್ಪ ಆಗಿ ಆಗಿ ಒತ್ತಿ ತಳ್ಳಿ ಹೇಗೋ ನಿಭಾಯಿಸುತ್ತೆ, ಹೊರಗೆ ಏನೂ ಗೊತ್ತಾಗಲ್ಲ. ಯಾವಾಗ ನಡೆದ್ರೆ ಏದುಸಿರು, ಎದೆ ಹಿಡ್ಕೊಳ್ಳೋದು, ಕಣ್ಣು ಕತ್ತಲೆ ಬಂದು ಬೀಳೋದು ಈ ಮೂರರಲ್ಲಿ ಒಂದು ಶುರುವಾಯ್ತೋ ಅಲ್ಲಿಂದ ದಾರಿ ಇಳಿಜಾರು. ನಿಮ್ಮವ್ವ ಬಿದ್ದಿದ್ದಾರೆ. ಅದು ಬರೀ ನಿಶ್ಶಕ್ತಿ ಅಲ್ಲ.

ಗುಳಿಗೆ ವಿಷಯ. ಈ ವಾಲ್ವನ್ನ ತೆರೆಸೋ ಗುಳಿಗೆ ಯಾವುದೂ ಇಲ್ಲ. ಮೂತ್ರ ಹೆಚ್ಚಿಸೋ ಮಾತ್ರೆ ಕೊಟ್ರೆ ಕಾಲಿನ ಬಾವು, ದಮ್ಮು ಸ್ವಲ್ಪ ಇಳಿಯುತ್ತೆ, ಅಷ್ಟೆ. 2010ರಲ್ಲಿ ಪಾರ್ಟ್‌ನರ್ ಅನ್ನೋ ಅಧ್ಯಯನದ ಫಲಿತಾಂಶ ಬಂತು. ಓಪನ್ ಹಾರ್ಟ್ ತಡ್ಕೊಳ್ಳೋದಿಲ್ಲ ಅಂತ ಸರ್ಜನ್‌ಗಳು ಕೈಬಿಟ್ಟಿದ್ದ 358 ಜನ ಅದರಲ್ಲಿದ್ರು, ಸರಾಸರಿ ವಯಸ್ಸು 83, ಹೆಚ್ಚು ಕಮ್ಮಿ ನಿಮ್ಮವ್ವನ ಓರಗೆಯವರೇ. ಅರ್ಧ ಜನಕ್ಕೆ ತೊಡೆಯಿಂದ ಹೊಸ ವಾಲ್ವ್, ಉಳಿದರ್ಧ ಜನಕ್ಕೆ ಮಾತ್ರೆ ಮತ್ತು ಬಹಳಷ್ಟು ಮಂದಿಗೆ ಬರೀ ಬಲೂನಿಂದ ಹಿಗ್ಗಿಸೋದು. ಒಂದು ವರ್ಷಕ್ಕೆ ಮಾತ್ರೆ ಗುಂಪಲ್ಲಿ ನೂರಕ್ಕೆ 51 ಜನ ತೀರಿಕೊಂಡಿದ್ರು, ವಾಲ್ವ್ ಹಾಕಿಸಿಕೊಂಡವರಲ್ಲಿ 31. ಐದು ವರ್ಷಕ್ಕೆ ನೋಡಿದ್ರೆ ಮಾತ್ರೆ ಗುಂಪಲ್ಲಿ ನೂರಕ್ಕೆ 94, ವಾಲ್ವ್ ಗುಂಪಲ್ಲಿ 72. ಎರಡನೇ ಲೆಕ್ಕಾನೂ ಮುಚ್ಚಿಡದೆ ಹೇಳ್ತಿದೀನಿ, ಯಾಕಂದ್ರೆ ಈ ವಯಸ್ಸಲ್ಲಿ ವಾಲ್ವ್ ಬದಲಾಯಿಸಿದ್ರೂ ಕಿಡ್ನಿ, ಶ್ವಾಸಕೋಶ, ಮಿಕ್ಕ ದೇಹ ಹಳೇದೇ. ಅವತ್ತಿನ ಉಪಕರಣ ಒರಟಾಗಿತ್ತು, ಆಯ್ದ ಜನ ತೀರಾ ಕಾಯಿಲೆ ಇದ್ದೋರು, ಇವತ್ತಿನ ಫಲಿತಾಂಶ ಅದಕ್ಕಿಂತ ಎಷ್ಟೋ ವಾಸಿ. ಆದ್ರೂ ಅಣ್ಣನ ಮುಂದೆ ಈ ಲೆಕ್ಕ ಇಡಿ.

ಹಾಗಾದ್ರೆ 86 ಅನ್ನೋದನ್ನ ನೋಡಲೇಬಾರದಾ? ನೋಡ್ಬೇಕು, ಆದ್ರೆ ಅದೊಂದನ್ನೇ ಅಲ್ಲ. ನಾವು ಆಸ್ಪತ್ರೇಲಿ ಮಾಡೋ ಒಂದು ಸರಳ ಪರೀಕ್ಷೆ ಹೇಳ್ತೀನಿ: 5 ಮೀಟರ್ ದೂರ ಅವರ ಮಾಮೂಲಿ ನಡಿಗೇಲಿ ನಡೆಸ್ತೀವಿ, 6 ಸೆಕೆಂಡಿಗಿಂತ ಜಾಸ್ತಿ ಹಿಡಿದ್ರೆ ದೇಹ ಸೊರಗಿದೆ ಅಂತ ಒಂದು ಸೂಚನೆ. ಕೈ ಹಿಡಿತ ಎಷ್ಟು ಗಟ್ಟಿ, ತೂಕ ಇಳಿದಿದ್ಯಾ, ಸ್ನಾನ ಊಟ ಬಟ್ಟೆ ಉಡೋದು ತಾವೇ ಮಾಡ್ಕೊಳ್ತಾರಾ, ನೆನಪು ಹೇಗಿದೆ ಇವೆಲ್ಲ ಕೇಳ್ತೀವಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ ಸಾಲು ಅವ್ವ ಹಿತ್ತಲಲ್ಲಿ ಅರಿವೆ ಒಣ ಹಾಕ್ತಿದ್ರು ಅನ್ನೋದು. 86ಕ್ಕೆ ತನ್ನ ಅರಿವೆ ತಾನೇ ಒಣ ಹಾಕೋ ಹೆಂಗಸಿನ ದೇಹದಲ್ಲಿ ಕೆಟ್ಟಿರೋದು ಬಹುಶಃ ಆ ಒಂದು ಬಾಗಿಲು ಮಾತ್ರ. ಅಂಥವರಿಗೇ ಇದರಿಂದ ಹೆಚ್ಚು ಲಾಭ. ಬೇಗ ಒಂದು ಹಾರ್ಟ್ ಟೀಮ್, ಅಂದ್ರೆ ಹೃದಯದ ಡಾಕ್ಟರೂ ಹಾರ್ಟ್ ಸರ್ಜನ್ನೂ ಒಟ್ಟಿಗೆ ಕೂತು ತೀರ್ಮಾನ ಮಾಡೋ ತಂಡ, ಇರೋ ಕಡೆ ತೋರಿಸಿ. ಅಲ್ಲೀವರೆಗೆ ಬಿಪಿ ಮಾತ್ರೆ ನೀವೇ ಹೆಚ್ಚು ಕಮ್ಮಿ ಮಾಡ್ಬೇಡಿ, ಒಬ್ಬರನ್ನೇ ಬಾವಿ ಕಟ್ಟೆ, ಮೆಟ್ಟಿಲ ಕಡೆ ಬಿಡ್ಬೇಡಿ.

ಮತ್ತೆ ಅವ್ವನ್ನ ಕೇಳಿದ್ರಾ? ನೀವು ಬರೆದಿಲ್ಲ. ಅಣ್ಣ ಏನಂತಾನೆ ಬರೆದಿದ್ದೀರಿ, ಡಾಕ್ಟ್ರು ಏನಂದ್ರು ಬರೆದಿದ್ದೀರಿ.

ಪ್ರಶ್ನೆ: ನಮ್ಮಜ್ಜಿ ಅರವತ್ತು ವರ್ಷದಿಂದ ಎಲೆ ಅಡಿಕೆ ಹಾಕ್ತಾರೆ. ವಾಲ್ವಲ್ಲಿ ಸುಣ್ಣ ಕಟ್ಟಿದೆ ಅಂದಿದ್ದಕ್ಕೆ ಮನೇಲಿ ಎಲ್ಲರೂ ಅವರ ಸುಣ್ಣದ ಡಬ್ಬಿ ಕಿತ್ತಿಟ್ಟಿದಾರೆ, ಅಜ್ಜಿ ಅಳ್ತಾ ಕೂತಿದಾರೆ. ಸುಣ್ಣ ಕರಗಿಸೋ ಔಷಧಿ ಇದೆ ಅಂತ ಒಬ್ಬರು ಹೇಳಿದಾರೆ, ಕೊಡಿಸಬಹುದಾ?
- ಮಂಡ್ಯದಿಂದ ಮೊಮ್ಮಗ

ಉತ್ತರ: ಅಜ್ಜಿಯ ತಪ್ಪೇನೂ ಇಲ್ಲ ಅಂತ ಇವತ್ತೇ ಅವರಿಗೆ ಹೇಳಿ. ವಾಲ್ವಿನ ಮೇಲಿನ ಸುಣ್ಣ ಎಲೆಗೆ ಹಚ್ಚೋ ಸುಣ್ಣದಿಂದ ಬರೋದಲ್ಲ. ದಿನಕ್ಕೆ ಒಂದು ಲಕ್ಷ ಸಲ ಬಡಿದು ಬಡಿದು ಎಸಳು ಸವೆಯುತ್ತೆ, ಅಲ್ಲಿ ಉರಿಯೂತ ಆಗಿ ದೇಹವೇ ಕ್ಯಾಲ್ಸಿಯಂ ತಂದು ಕೂರಿಸುತ್ತೆ. ಅಡಿಕೆ, ಹೊಗೆಸೊಪ್ಪು ಬಾಯಿಗೆ ಕೆಟ್ಟದ್ದು ಅನ್ನೋದು ಬೇರೆ ಮಾತು, ಅದನ್ನ ಬಿಡಿಸೋದಾದ್ರೆ ಆ ಕಾರಣ ಹೇಳಿ ಬಿಡಿಸಿ, ಈ ಅಪವಾದ ಹೊರಿಸಿ ಅಲ್ಲ.

ಕರಗಿಸೋ ಔಷಧಿ ಇಲ್ಲ. ಕೊಲೆಸ್ಟ್ರಾಲ್ ಮಾತ್ರೆಯಿಂದಾದ್ರೂ ಇದು ನಿಧಾನ ಆಗುತ್ತಾ ಅಂತ ದೊಡ್ಡ ದೊಡ್ಡ ಅಧ್ಯಯನ ಮಾಡಿ ನೋಡಿದ್ರು, ಆಗ್ಲಿಲ್ಲ. ಡ್ರಿಪ್ ಹಾಕಿ ಕರಗಿಸ್ತೀವಿ, ಕಷಾಯದಲ್ಲಿ ಕರಗಿಸ್ತೀವಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಎದ್ದು ಬನ್ನಿ. ಇಂಥವರ ಹತ್ರ ಆರು ತಿಂಗಳು ಕಳೆದು ಆಮೇಲೆ ಹೃದಯ ಪೂರ್ತಿ ಸೋತು ಬಂದ ಹಿರಿಯರನ್ನ ನೋಡಿ ನನಗೆ ನಿಜಕ್ಕೂ ಸಂಕಟ ಆಗಿದೆ.

ಪ್ರಶ್ನೆ: ಮಾವನವರಿಗೆ 91. ನಿವೃತ್ತ ಪೋಸ್ಟ್‌ಮಾಸ್ಟರ್, ಬುದ್ಧಿ ಚುರುಕು, ಲೆಕ್ಕ ಎಲ್ಲ ಈಗ್ಲೂ ಅವರದ್ದೇ. ಟಾವಿ ಮಾಡ್ತೀವಿ ಅಂದಿದಾರೆ. ಎದೆ ಕೊಯ್ಯದೆ ಒಳಗೆ ಹೇಗೆ ವಾಲ್ವ್ ಹಾಕ್ತಾರೆ? ಇದು ಇನ್ನೂ ಪ್ರಯೋಗದ ಹಂತದಲ್ಲಿರೋದಾ? 91ಕ್ಕೆ ಯಾರಾದ್ರೂ ಮಾಡಿಸಿಕೊಂಡಿದಾರಾ?
- ಬೆಂಗಳೂರು ಬಸವನಗುಡಿಯಿಂದ ಸೊಸೆ

ಉತ್ತರ: ಟಾವಿ ಅಂದ್ರೆ ಎದೆ ಕೊಯ್ಯದೆ ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಹಾಕೋದು, ಅದು ಪ್ರಯೋಗದ ಹಂತ ದಾಟಿ ಬಹಳ ವರ್ಷ ಆಯ್ತಮ್ಮ. 1989ರಲ್ಲಿ ಡೆನ್ಮಾರ್ಕಿನ ಆಂಡರ್ಸನ್ ಅನ್ನೋ ಡಾಕ್ಟರ್ ತಂತಿ ಚೌಕಟ್ಟಿನೊಳಗೆ ವಾಲ್ವ್ ಹೊಲಿದು ಹಂದಿಗಳಿಗೆ ಹಾಕಿ ನೋಡಿದ್ರು. ಮನುಷ್ಯರಿಗೆ ಮೊದಲು ಹಾಕಿದ್ದು ಫ್ರಾನ್ಸಿನ ರುವಾನ್ ಊರಲ್ಲಿ, 2002ರ ಏಪ್ರಿಲ್ 16ಕ್ಕೆ, ಅಲಾಂ ಕ್ರಿಬಿಯೆ ಅನ್ನೋರು. ಆ ಪೇಷೆಂಟ್‌ಗೆ 57 ವರ್ಷ, ಸಾವಿನ ಅಂಚಲ್ಲಿದ್ದ, ಸರ್ಜನ್‌ಗಳು ಆಗಲ್ಲ ಅಂದುಬಿಟ್ಟಿದ್ರು. ವಾಲ್ವನ್ನ ಸ್ಟೆಂಟ್ ಒಳಗಿಟ್ಟು ರಕ್ತನಾಳದಿಂದ ಹಾಕೋದು ಆಗೋ ಮಾತಲ್ಲ ಅಂತ ಕ್ರಿಬಿಯೆಗೆ ವರ್ಷಗಟ್ಟಲೆ ಎಲ್ಲರೂ ಹೇಳಿದ್ರು, ಅವರು ಬಿಡಲಿಲ್ಲ. 2024ರಲ್ಲಿ ಅವರು ತೀರಿಕೊಂಡ್ರು, ಅಷ್ಟೊತ್ತಿಗೆ ಪ್ರಪಂಚದಲ್ಲಿ ಲಕ್ಷಾಂತರ ಜನ ಈ ವಾಲ್ವ್ ಇಟ್ಕೊಂಡು ಓಡಾಡ್ತಿದ್ರು.

ಹೇಗೆ ಮಾಡ್ತಾರೆ ಅಂದ್ರೆ, ಮೊದಲು ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್. ಇದು ಬಹಳ ಮುಖ್ಯ, ದರ್ಜಿ ಅಳತೆ ತಗೊಂಡ ಹಾಗೆ. ವಾಲ್ವಿನ ಉಂಗುರ ಎಷ್ಟು ಮಿಲಿಮೀಟರ್, ಸುಣ್ಣ ಎಲ್ಲೆಲ್ಲಿ ಇದೆ, ತೊಡೆಯ ರಕ್ತನಾಳ ಎಷ್ಟು ಅಗಲ, ಡೊಂಕು ಎಷ್ಟು, ಎಲ್ಲ ಅದರಲ್ಲೇ ತಿಳಿಯೋದು. ಆಮೇಲೆ ಕ್ಯಾಥ್ ಲ್ಯಾಬಲ್ಲಿ, ಅಂದ್ರೆ ಆಂಜಿಯೋಗ್ರಾಂ ಮಾಡೋ ಕೋಣೇಲಿ, ಹೆಚ್ಚಿನವರಿಗೆ ಅರೆಮಂಪರು ಕೊಟ್ಟು, ತೊಡೆಸಂದಿನ ಜಾಗ ಮಾತ್ರ ಮರಗಟ್ಟಿಸಿ, ಅಲ್ಲಿಂದ ಪೆನ್ಸಿಲ್ ದಪ್ಪದ ಒಂದು ಕೊಳವೆ ತೂರಿಸ್ತಾರೆ. ಅದರೊಳಗಿಂದ ಒಂದು ತಂತಿ ಹೃದಯದವರೆಗೆ ಹೋಗುತ್ತೆ, ಆ ತಂತಿ ಮೇಲೆ ಮಡಿಸಿಟ್ಟ ಹೊಸ ವಾಲ್ವ್ ಸಾಗುತ್ತೆ, ಮುಚ್ಚಿದ ಛತ್ರಿ ಒಯ್ದ ಹಾಗೆ ಅನ್ಕೊಳ್ಳಿ. ಬಲೂನಿನ ಮಾದರಿ ಆದ್ರೆ, ಸರಿಯಾದ ಜಾಗಕ್ಕೆ ಬಂದ ಮೇಲೆ ತಾತ್ಕಾಲಿಕ ಪೇಸ್‌ಮೇಕರಿಂದ ಹೃದಯವನ್ನ ಕೆಲವೇ ಸೆಕೆಂಡು ನಿಮಿಷಕ್ಕೆ 180-200ರ ವೇಗದಲ್ಲಿ ಬಡಿಸ್ತಾರೆ, ಆಗ ರಕ್ತದ ರಭಸ ನಿಂತು ವಾಲ್ವ್ ಜಾರಲ್ಲ, ಅಷ್ಟರಲ್ಲಿ ಬಲೂನ್ ಉಬ್ಬಿಸಿ ವಾಲ್ವ್ ಅರಳಿಸ್ತಾರೆ. ಇನ್ನೊಂದು ಮಾದರಿ ನಿಟಿನಾಲ್ ಅನ್ನೋ ಲೋಹದ್ದು, ಅದು ಹೊದಿಕೆ ಸರಿಸಿದ ಹಾಗೇ ಮೈ ಬಿಸಿಗೆ ತಾನೇ ಅರಳುತ್ತೆ. ಹಳೇ ವಾಲ್ವ್ ತೆಗೆಯೋದಿಲ್ಲ, ಅದನ್ನ ಗೋಡೆಗೆ ಒತ್ತಿ ಅದರೊಳಗೇ ಹೊಸದು ಕೂರುತ್ತೆ. ಆ ಕ್ಷಣದಿಂದಲೇ ಕೆಲಸ ಶುರು. ಒಂದು ಒಂದೂವರೆ ಗಂಟೆ ಕೆಲಸ. ಎಲ್ಲ ಸರಿ ಇದ್ರೆ ಮರುದಿನ ನಡೆಸ್ತಾರೆ, ಮೂರು ನಾಲ್ಕು ದಿನಕ್ಕೆ ಮನೆ. ಓಪನ್ ಹಾರ್ಟ್ ಆದ್ರೆ ಕೊಯ್ದ ಎದೆಮೂಳೆ ಕೂಡೋಕೇ ಎರಡು ತಿಂಗಳ ಹತ್ರ ಬೇಕು, 91ರ ದೇಹಕ್ಕೆ ಅದು ಭಾರಿ ಆಗುತ್ತೆ.

91ಕ್ಕೆ ಮಾಡಿಸಿಕೊಂಡೋರು ಇದಾರಾ ಅಂದ್ರಲ್ಲ. ಅಮೆರಿಕದಲ್ಲಿ ಈ ಚಿಕಿತ್ಸೆಯ ರಾಷ್ಟ್ರೀಯ ದಾಖಲೆ ಇಡ್ತಾರೆ. 2011ರಿಂದ 2014ರವರೆಗಿನ ದಾಖಲೇಲೇ 90 ದಾಟಿದವರು 3,700ಕ್ಕೂ ಮೇಲೆ ಸಿಗ್ತಾರೆ. ಅವರಲ್ಲಿ ಒಂದು ತಿಂಗಳೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 9, 90ರ ಕೆಳಗಿನವರಲ್ಲಿ 6. ಒಂದು ವರ್ಷಕ್ಕೆ ನೋಡಿದ್ರೆ 25 ಮತ್ತು 22, ಅಂದ್ರೆ ಅಂತರ ಅಷ್ಟೇನೂ ಇಲ್ಲ. ಈಗ ಆ ಅಂಕಿಗಳೂ ಇಳಿದಿವೆ. ಆದ್ರೆ ಅಪಾಯ ಇಲ್ಲವೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನೂರಕ್ಕೆ ಎರಡು ಮೂರು ಜನಕ್ಕೆ ಸುಣ್ಣದ ಚೂರು ಮೆದುಳಿಗೆ ಹೋಗಿ ಲಕ್ವ ಹೊಡೆಯುತ್ತೆ. ತೊಡೆಯ ನಾಳ ಹರಿದು ರಕ್ತ ಹೋಗಬಹುದು. ವಾಲ್ವಿನ ಸುತ್ತ ಸೋರಬಹುದು. ಬಣ್ಣದ ಇಂಜೆಕ್ಷನ್ನಿಂದ ಕಿಡ್ನಿಗೆ ಪೆಟ್ಟಾಗಬಹುದು, ಹಾಗಾಗಿ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತಪರೀಕ್ಷೆ ಮೊದಲೇ ಮಾಡಿರ್ತಾರೆ.

ಯಾರೂ ಮುಂಚೆ ಹೇಳದೇ ಇರೋ ಒಂದು ವಿಷಯ: ಆಪರೇಷನ್ ಆದ ರಾತ್ರಿ ಹಿರಿಯರಿಗೆ ಗೊಂದಲ ಆಗಬಹುದು, ಎಲ್ಲಿದ್ದೀನಿ ಅಂತ ತಿಳಿಯದೆ ಡ್ರಿಪ್ ಕಿತ್ತು ಹಾಕ್ತಾರೆ, ಗುರುತಿನವರನ್ನೇ ಬೈತಾರೆ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಸರಿ ಹೋಗುತ್ತೆ. ಮಾವನವರ ಕನ್ನಡಕ, ಕಿವಿ ಮಿಷನ್, ಹಲ್ಲಿನ ಸೆಟ್ ಜೊತೆಗೇ ಇರಲಿ, ಆದಷ್ಟು ಬೇಗ ಮನೆಯವರೊಬ್ಬರು ಪಕ್ಕದಲ್ಲಿ ಕೂತು ಇದು ಯಾವ ವಾರ, ಎಷ್ಟು ಗಂಟೆ ಅಂತ ಮಾತಾಡಿಸ್ತಾ ಇರಿ. ಇದು ಔಷಧಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ.

ಪ್ರಶ್ನೆ: ನಮ್ಮ ಅತ್ತೆ ಬಹಳ ಮಡಿ. ಹಾಕೋ ವಾಲ್ವ್ ದನದ ಚರ್ಮದ್ದು ಅಂತ ಯಾರೋ ಹೇಳಿದಾರೆ. ನಿಜವಾ? ಅವರಿಗೆ ಹೇಳದೇ ಮಾಡಿಸಿಬಿಡೋಣ ಅಂತಾರೆ ನಮ್ಮನೆಯವರು.
- ತುಮಕೂರು

ಉತ್ತರ: ಚರ್ಮ ಅಲ್ಲ, ಹೃದಯದ ಸುತ್ತ ಇರೋ ತೆಳು ಪೊರೆ. ಬಲೂನಿಂದ ಅರಳೋ ವಾಲ್ವ್‌ಗಳಲ್ಲಿ ದನದ್ದು, ತಾನೇ ಅರಳೋ ಇನ್ನೊಂದು ಹೆಸರುವಾಸಿ ಮಾದರೀಲಿ ಹಂದೀದು. ರಾಸಾಯನಿಕದಲ್ಲಿ ಹದ ಮಾಡಿರ್ತಾರೆ, ಅದರಲ್ಲಿ ಜೀವಕೋಶ ಯಾವುದೂ ಬದುಕಿರಲ್ಲ. ಪ್ರಾಣಿಯ ಪೊರೆ ಬೇಡ ಅಂದ್ರೆ ಲೋಹ ಮತ್ತು ಕಾರ್ಬನ್ನಿನ ವಾಲ್ವ್ ಇದೆ, ಆದ್ರೆ ಅದನ್ನ ತೊಡೆಯಿಂದ ಹಾಕೋಕೆ ಬರಲ್ಲ, ಎದೆ ತೆರೀಲೇಬೇಕು, ಜೀವನಪೂರ್ತಿ ರಕ್ತ ತೆಳು ಮಾಡೋ ಮಾತ್ರೆ ನುಂಗಬೇಕು.

ಹೇಳದೇ ಮಾಡಿಸೋದು ಬೇಡ. ನಾನು ಇದನ್ನ ಬಹಳ ಗಟ್ಟಿಯಾಗಿ ಹೇಳ್ತೀನಿ. ಎಂಬತ್ತು ವರ್ಷ ಒಂದು ನೇಮ ಹಿಡಿದು ಬಾಳಿದವರಿಗೆ ಆಮೇಲೆ ಯಾರದೋ ಬಾಯಿಂದ ಇದು ಕಿವಿಗೆ ಬಿದ್ರೆ, ಎದೆಯೊಳಗಿನದನ್ನ ಅವರು ಏನು ಮಾಡ್ಬೇಕು? ಕೂರಿಸಿ ಹೇಳಿ. ಇದೇ ಪ್ರಶ್ನೆ ಹಂದಿಯ ಪೊರೆ ಬಗ್ಗೆ ಮುಸ್ಲಿಂ ಮನೆಗಳಿಂದಲೂ ಬರುತ್ತೆ, ಅವರು ಮೊದಲೇ ಕೇಳಿದ್ರೆ ದನದ ಪೊರೆಯದ್ದು ಹೊಂದುತ್ತಾ ಅಂತ ನೋಡ್ತೀವಿ. ನನ್ನ ಅನುಭವದಲ್ಲಿ ನೇರವಾಗಿ ಹೇಳಿದಾಗ ಹೆಚ್ಚಿನ ಅಜ್ಜಿಯರು ಒಂದೆರಡು ದಿನ ಯೋಚನೆ ಮಾಡಿ, ತಮ್ಮ ಗುರುಗಳನ್ನೋ ಪುರೋಹಿತರನ್ನೋ ಕೇಳಿ, ತಾವೇ ಒಂದು ತೀರ್ಮಾನಕ್ಕೆ ಬರ್ತಾರೆ.

ಪ್ರಶ್ನೆ: ಅಪ್ಪನಿಗೆ 83, ವಾಲ್ವ್ ಸಣ್ಣ ಇದೆ. ಅದರ ಜೊತೆ ಮೂರು ಸಲ ಹಿಮೋಗ್ಲೋಬಿನ್ 6ಕ್ಕೆ ಇಳಿದು ರಕ್ತ ಹಾಕಿಸಿದೀವಿ, ಕಪ್ಪು ಮಲ ಹೋಗುತ್ತೆ. ಎಂಡೋಸ್ಕೋಪಿ ಮಾಡಿದ್ರೆ ಹುಣ್ಣು ಕಾಣ್ತಿಲ್ಲ. ಎರಡೂ ಬೇರೆ ಬೇರೆ ಕಾಯಿಲೆನಾ?
- ಚಿತ್ರದುರ್ಗ

ಉತ್ತರ: ಬಹುಶಃ ಒಂದೇ ಕಾಯಿಲೆ. ಕಿರಿದಾದ ವಾಲ್ವಿನೊಳಗೆ ರಕ್ತ ರಭಸದಿಂದ ನುಗ್ಗುವಾಗ, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಒಂದು ಉದ್ದನೆ ಪ್ರೋಟೀನ್ ತುಂಡು ತುಂಡಾಗುತ್ತೆ. ಇನ್ನೊಂದು ಕಡೆ ವಯಸ್ಸಾದವರ ಕರುಳಲ್ಲಿ ಸಣ್ಣ ಸಣ್ಣ ಸೂಕ್ಷ್ಮ ರಕ್ತನಾಳದ ಗಂಟುಗಳಿರ್ತವೆ, ಅವು ಜಿನುಗ್ತವೆ, ನಿಲ್ಲಲ್ಲ. ಹೈಡ್ ಅನ್ನೋ ಡಾಕ್ಟರ್ 1958ರಲ್ಲೇ ಈ ಎರಡರ ಜೋಡಿ ಗಮನಿಸಿ ಬರೆದ್ರು, ಅವರ ಹೆಸರೇ ಇದಕ್ಕಿದೆ. ವಾಲ್ವ್ ಸರಿಮಾಡಿದ್ರೆ ಬಹಳ ಜನಕ್ಕೆ ಕರುಳಿನ ರಕ್ತಸ್ರಾವವೂ ನಿಲ್ಲುತ್ತೆ. ನಿಮ್ಮ ಹೊಟ್ಟೆ ಡಾಕ್ಟರೂ ಹೃದಯದ ಡಾಕ್ಟರೂ ಒಬ್ಬರಿಗೊಬ್ಬರು ಫೋನಲ್ಲಿ ಮಾತಾಡೋ ಹಾಗೆ ಮಾಡಿ, ಎರಡು ಫೈಲೂ ಒಂದೇ ಚೀಲದಲ್ಲಿ ತಗೊಂಡು ಹೋಗಿ. ದೊಡ್ಡ ಕರುಳನ್ನ ಕ್ಯಾಮೆರಾದಿಂದ ನೋಡೋ ಕೊಲೊನೋಸ್ಕೋಪಿ ಆಗಿಲ್ಲದಿದ್ರೆ ಅದೂ ಆಗಬೇಕು, ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಆಗದೆ ಇದೇ ಅಂತ ಕೂರಬಾರದು.

ಪ್ರಶ್ನೆ: ಅಮ್ಮನಿಗೆ ಟಾವಿ ಮಾಡಿದ ಮರುದಿನವೇ ಪೇಸ್‌ಮೇಕರ್ ಹಾಕಬೇಕು ಎಂದರು, ಹಾಕಿಸಿದೆವು. ಆಪರೇಷನ್‌ನಲ್ಲಿ ಏನೋ ತಪ್ಪಾಗಿರಬೇಕು ಎಂದು ಸಂಬಂಧಿಕರು ಹೇಳುತ್ತಿದ್ದಾರೆ ಮಾರಾಯ್ರೆ, ಮನಸ್ಸಿಗೆ ನೆಮ್ಮದಿಯಿಲ್ಲ.
- ಮಂಗಳೂರು

ಉತ್ತರ: ತಪ್ಪಾಗಿರಲೇಬೇಕು ಅಂತೇನಿಲ್ಲ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟ್ ಹೋಗೋ ವೈರ್ ಇದೆಯಲ್ಲ, ಅದು ಸರಿಯಾಗಿ ಈ ವಾಲ್ವಿನ ಕೆಳಗೇ ಹಾದು ಹೋಗುತ್ತೆ. ಹೊಸ ವಾಲ್ವಿನ ಚೌಕಟ್ಟು ಅದನ್ನ ಒತ್ತಿದ್ರೆ ಬಡಿತ ನಿಧಾನ ಆಗುತ್ತೆ. 2019ರ ಎರಡು ದೊಡ್ಡ ಅಧ್ಯಯನದಲ್ಲಿ ಬಲೂನ್ ಮಾದರೀಲಿ ನೂರಕ್ಕೆ 6-7 ಜನಕ್ಕೆ, ತಾನೇ ಅರಳೋ ಮಾದರೀಲಿ 17ರ ಮೇಲೆ ಜನಕ್ಕೆ ಪೇಸ್‌ಮೇಕರ್ ಬೇಕಾಯ್ತು. ಮೊದಲೇ ಇಸಿಜೀಲಿ ಬಲಗಡೆಯ ಕರೆಂಟ್ ದಾರೀಲಿ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ) ಇದ್ದವರಿಗೆ ಈ ಸಂಭವ ಹೆಚ್ಚು. ಇದನ್ನ ಆಪರೇಷನ್ನಿಗೆ ಮುಂಚೆ ನಿಮಗೆ ಕೂತು ಹೇಳಬೇಕಿತ್ತು, ಹೇಳದೇ ಇದ್ದಿದ್ರೆ ಅದು ಖಂಡಿತ ಕೊರತೆ. ಅಮ್ಮ ಈಗ ನಡೆಯುವಾಗ ದಮ್ಮು ಕಟ್ಟುತ್ತಾ? ಇಲ್ಲ ಅಂದ್ರೆ ಚಿಂತೆ ಬಿಡಿ, ಪೇಸ್‌ಮೇಕರ್ ಚೆಕಪ್ ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ಅಪ್ಪನಿಗೆ 72, ವಾಲ್ವ್ ಬಿಟ್ರೆ ಆರೋಗ್ಯ ಚೆನ್ನಾಗಿದೆ, ತೋಟದ ಕೆಲಸ ಮಾಡ್ತಾರೆ. ಟಾವಿಗೆ 20 ಲಕ್ಷ ಅಂದಿದಾರೆ. ಒಂದು ಎಕರೆ ಮಾರಬೇಕು. ಕಡಿಮೆ ಖರ್ಚಿನ ದಾರಿ ಇದೆಯಾ?
- ಮೈಸೂರು ಹತ್ತಿರದ ಹಳ್ಳಿ

ಉತ್ತರ: ಎಕರೆ ಮಾರೋಕೆ ಮುಂಚೆ ಒಬ್ಬ ಹಾರ್ಟ್ ಸರ್ಜನ್‌ರನ್ನ ನೋಡಿ. 72 ಅಂದ್ರೆ ಎರಡೂ ದಾರಿ ತೆರೆದಿರೋ ವಯಸ್ಸು. ಅಮೆರಿಕದ 2020ರ ಮಾರ್ಗಸೂಚಿ 65ರಿಂದ 80ರ ನಡುವಿನವರಿಗೆ ಎರಡರಲ್ಲಿ ಯಾವುದಾದ್ರೂ ಆಗಬಹುದು, ಕೂತು ಮಾತಾಡಿ ಅನ್ನುತ್ತೆ, 80 ದಾಟಿದವರಿಗೆ ಟಾವಿ ಅನ್ನುತ್ತೆ. ತೋಟದ ಕೆಲಸ ಮಾಡೋ ಗಟ್ಟಿ ಮನುಷ್ಯನಿಗೆ ಓಪನ್ ಆಪರೇಷನ್ ಒಳ್ಳೇ ಚಿಕಿತ್ಸೆ, ಅರವತ್ತು ವರ್ಷದ ಅನುಭವ ಅದರ ಹಿಂದಿದೆ, ಖರ್ಚೂ ಬಹಳ ಕಮ್ಮಿ. ದುಡ್ಡಿಲ್ಲದೆ ಅಪ್ಪನಿಗೆ ಎರಡನೇ ದರ್ಜೆದು ಕೊಡಿಸಿದೆ ಅಂತ ನೀವು ಕೊರಗಬೇಕಾಗಿಲ್ಲ.

ಟಾವಿ ದುಬಾರಿ ಆಗೋದು ಮುಖ್ಯವಾಗಿ ಆ ವಾಲ್ವಿನ ಬೆಲೆಯಿಂದ. ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್ ಅನ್ನೋ ನಮ್ಮ ದೇಶದ ವಾಲ್ವ್ ಈಗ ಇದೆ, ಅದನ್ನ ಹೊರದೇಶದ ಎರಡು ಹೆಸರುವಾಸಿ ವಾಲ್ವ್‌ಗಳ ಜೊತೆ 768 ಜನರಲ್ಲಿ ಹೋಲಿಸಿದ ಅಧ್ಯಯನ 2024ರಲ್ಲಿ ಬಂತು, ಒಂದು ತಿಂಗಳ ಫಲಿತಾಂಶದಲ್ಲಿ ಅವುಗಳಿಗೆ ಸರಿಸಾಟಿ ನಿಂತಿತು. ಎಸ್ಟಿಮೇಟ್ ಬರವಣಿಗೇಲಿ ಕೇಳಿ, ಅದರಲ್ಲಿ ಪೇಸ್‌ಮೇಕರ್ ಬೇಕಾದ್ರೆ ಎಷ್ಟು, ಐಸಿಯುನಲ್ಲಿ ಹೆಚ್ಚು ದಿನ ಆದ್ರೆ ಎಷ್ಟು ಅನ್ನೋದೂ ಇರಲಿ. 2024ರ ಅಕ್ಟೋಬರಿಂದ ಕೇಂದ್ರದ ಆಯುಷ್ಮಾನ್ ಯೋಜನೆ 70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷದವರೆಗೆ ಅಂತ ವಿಸ್ತರಿಸಿದೆ. ಯಾವ ಪ್ಯಾಕೇಜು, ಯಾವ ಆಸ್ಪತ್ರೇಲಿ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ರ ಕೇಳಿ. ಮೈಸೂರಲ್ಲೇ ಸರ್ಕಾರದ ಜಯದೇವ ಇದೆ, ಎರಡನೇ ಅಭಿಪ್ರಾಯಕ್ಕೆ ಅಲ್ಲಿಗೆ ಹೋಗಿ ಬನ್ನಿ. ಎಂಬತ್ತೈದರ ಬಡ ಅಜ್ಜಿಗೆ ಓಪನ್ ಆಗಲ್ಲ, ಟಾವಿಗೆ ದುಡ್ಡಿಲ್ಲ ಅನ್ನೋ ಪರಿಸ್ಥಿತಿ ನಮ್ಮಲ್ಲಿ ಇನ್ನೂ ಇದೆ, ಅವರನ್ನ ವಾಪಸ್ ಕಳಿಸೋ ದಿನ ನನಗೆ ನಿದ್ದೆ ಬರಲ್ಲ.

ಪ್ರಶ್ನೆ: ಅಜ್ಜಿಗೆ 89. ಐದು ವರ್ಷದಿಂದ ಮರೆವಿನ ಕಾಯಿಲೆ, ಒಂದು ವರ್ಷದಿಂದ ಹಾಸಿಗೆ ಬಿಟ್ಟೆದ್ದಿಲ್ಲ, ನಮ್ಮ ಗುರುತು ಸಿಗಲ್ಲ. ಈಗ ವಾಲ್ವ್ ತೀವ್ರ ಕಿರಿದು ಅಂತ ಬಂದಿದೆ. ನಾನು ನ್ಯೂಜೆರ್ಸಿಯಲ್ಲಿದೀನಿ, ಖರ್ಚು ನಾನು ಕೊಡ್ತೀನಿ, ಮಾಡಿಸಿ ಅಂತ ಹೇಳ್ತಿದೀನಿ. ಊರಲ್ಲಿ ಅಮ್ಮ ಬೇಡ ಅಂತಾರೆ.
- ಮೊಮ್ಮಗ

ಉತ್ತರ: ಅಮ್ಮನ ಮಾತು ಕೇಳಿ ತಮ್ಮಾ. ವಾಲ್ವ್ ಸರಿ ಹೋಗುತ್ತೆ, ಅಜ್ಜಿ ಎದ್ದು ಕೂರಲ್ಲ, ನಿಮ್ಮ ಹೆಸರು ಕರೆಯಲ್ಲ. ಅವರನ್ನ ಹಾಸಿಗೆ ಹಿಡಿಸಿರೋದು ವಾಲ್ವ್ ಅಲ್ಲ. ಸಿಟಿ ಸ್ಕ್ಯಾನ್, ಐಸಿಯು, ಗುರುತಿಲ್ಲದ ಮುಖಗಳು ಇವೆಲ್ಲ ಅವರಿಗೆ ಬರೀ ಭಯ. ಮಾಡೋಕೆ ಆಗುತ್ತೆ ಅಂತ ಮಾಡಬಾರದ ಜಾಗ ಇದು, ಮತ್ತೆ ಅದನ್ನ ಹೇಳೋ ಧೈರ್ಯ ಡಾಕ್ಟರಿಗೂ ಇರಬೇಕು. ಆ ದುಡ್ಡಲ್ಲಿ ಅಜ್ಜಿಗೆ ಒಬ್ಬ ಒಳ್ಳೇ ನರ್ಸ್, ಬೆನ್ನು ಹುಣ್ಣಾಗದಂಥ ಗಾಳಿ ಹಾಸಿಗೆ ಕೊಡಿಸಿ, ಅಮ್ಮನಿಗೆ ರಾತ್ರಿ ನಿದ್ದೆ ಸಿಗೋ ಹಾಗೆ ಮಾಡಿ. ಉಬ್ಬಸ ಬಂದ್ರೆ ಇಳಿಸೋಕೆ ಔಷಧಿ ಇದೆ, ಕಾಯಿಲೆಯ ಹಿಂಸೆ ಕಮ್ಮಿ ಮಾಡಿ ನೆಮ್ಮದಿ ಕೊಡೋ ಪ್ಯಾಲಿಯೇಟಿವ್ ಡಾಕ್ಟರನ್ನ ಹುಡುಕಿ. ಆದ್ರೆ ಒಂದು ಸಲ ಬನ್ನಿ. ಫೋನಲ್ಲಿ ನೋಡಿದ ಅಜ್ಜಿಯೂ ಪಕ್ಕದಲ್ಲಿ ಕೂತು ಕೈ ಹಿಡಿದ ಅಜ್ಜಿಯೂ ಬೇರೆ.

ಪ್ರಶ್ನೆ: ನಾನು 88 ವರ್ಷದ ನಿವೃತ್ತ ಉಪಾಧ್ಯಾಯ. ನನಗೆ ಈ ವಾಲ್ವ್ ಹಾಕಿಸುವುದೆಂದು ಮಕ್ಕಳು ಮೂವರೂ ಸೇರಿ ತೀರ್ಮಾನಿಸಿದ್ದಾರೆ, ದಿನಾಂಕವೂ ಗೊತ್ತಾಗಿದೆ. ನನ್ನನ್ನು ಯಾರೂ ಕೇಳಲಿಲ್ಲ. ಮೊದಲು ಪೇಪರ್ ತರಲು ಪೇಟೆಯವರೆಗೆ ಹೋಗುತ್ತಿದ್ದೆ, ಈಗ ಗೇಟಿನವರೆಗೆ ಹೋದರೆ ಉಸಿರು ಕಟ್ಟುತ್ತದೆ. ಹೆಂಡತಿ ತೀರಿಕೊಂಡು ಆರು ವರ್ಷ. ನಾನು ಬೇಡವೆನ್ನಬಹುದೇ?
- ಸಾಗರ

ಉತ್ತರ: ಮೇಷ್ಟ್ರೇ, ನಮಸ್ಕಾರ. ಅನ್ನಬಹುದು. ಸಹಿ ನಿಮ್ಮದು, ದೇಹ ನಿಮ್ಮದು. ನಿಮ್ಮ ಪತ್ರದ ಅಕ್ಷರ ನೋಡಿದ್ರೇ ಗೊತ್ತಾಗುತ್ತೆ ಬುದ್ಧಿ ಸ್ಥಿಮಿತದಲ್ಲಿದೆ ಅಂತ, ಹಾಗಿರುವಾಗ ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ನಿಮ್ಮನ್ನ ಟೇಬಲ್ ಮೇಲೆ ಮಲಗಿಸೋ ಹಾಗಿಲ್ಲ. ಮಕ್ಕಳು ನಿಮ್ಮನ್ನ ಕೇಳದೇ ಇದ್ದಿದ್ದು ತಪ್ಪು, ಅದು ಹೆದರಿಕೆಯಿಂದ ಆದ ತಪ್ಪು ಅಂತ ನನಗನ್ನಿಸುತ್ತೆ.

ಆದ್ರೆ ಬೇಡ ಅನ್ನೋಕೆ ಮುಂಚೆ ಯಾವುದು ಬೇಡ ಅಂತ ನೀವೇ ಒಮ್ಮೆ ನೋಡ್ಕೊಳ್ಳಿ. ಎದೆ ಕೊಯ್ತಾರೆ, ತಿಂಗಳುಗಟ್ಟಲೆ ನರಳಬೇಕು ಅನ್ನೋ ಭಯದಿಂದ ಬೇಡ ಅಂತಿದ್ರೆ, ಇದು ಹಾಗಲ್ಲ, ಮೇಲೆ ಬಸವನಗುಡಿಯವರಿಗೆ ಬರೆದಿದ್ದನ್ನ ಓದಿ. ಮಕ್ಕಳ ದುಡ್ಡು ಹಾಳಾಗುತ್ತೆ ಅಂತ ಬೇಡ ಅಂತಿದ್ರೆ ಅದನ್ನ ಅವರ ಹತ್ರ ಬಾಯ್ಬಿಟ್ಟು ಹೇಳಿ. ಸಾಕು, ಬಾಳಿದ್ದು ಸಾಕು ಅನ್ನಿಸಿ ಬೇಡ ಅಂತಿದ್ರೆ, ಅದೂ ಗೌರವ ಕೊಡಬೇಕಾದ ಮಾತೇ. ನಾನು ನೋಡಿದ ಒಬ್ಬ ಅಜ್ಜ ಹಾಗೇ ಹೇಳಿದ್ರು, ಮನೆಯವರನ್ನ ಒಪ್ಪಿಸಿದ್ರು, ಎಂಟು ತಿಂಗಳು ತಮ್ಮ ಜಗಲೀಲೇ ಇದ್ದು ಹೋದ್ರು. ಕೊನೇ ಎರಡು ತಿಂಗಳು ಮಲಗೋಕೆ ಆಗ್ತಿರ್ಲಿಲ್ಲ, ಕುರ್ಚೀಲೇ ಕೂತು ನಿದ್ದೆ. ನೀರಿಳಿಸೋ ಮಾತ್ರೆ, ಉಸಿರಿನ ಹಿಂಸೆಗೆ ಚಿಕ್ಕ ಪ್ರಮಾಣದ ಮಾರ್ಫಿನ್ ಕೊಟ್ಟು ಆದಷ್ಟು ನೆಮ್ಮದಿ ಮಾಡಿದ್ವಿ. ಈ ಕಾಯಿಲೇಲಿ ಬೇಡ ಅನ್ನೋದು ಅಂದ್ರೆ ಸಾಮಾನ್ಯವಾಗಿ ಹೀಗಿರುತ್ತೆ, ನಿಮಗೆ ಗೊತ್ತಿರಲಿ ಅಂತ ಹೇಳಿದೆ, ಹೆದರಿಸೋಕೆ ಅಲ್ಲ. ಇನ್ನೊಬ್ಬ ಅಜ್ಜಿ ಮೊದಲು ಬೇಡ ಅಂದೋರು, ಮೂರು ವಾರ ಬಿಟ್ಟು ತಾವೇ ಬಂದು, ಮಗಳ ಮನೆ ಮಹಡಿ ಹತ್ತೋಕೆ ಆದ್ರೆ ಸಾಕು, ಮಾಡಿ ಅಂದ್ರು.

ನಿಮಗೆ ಮತ್ತೆ ಪೇಟೆಗೆ ಹೋಗಿ ಪೇಪರ್ ತರೋ ಆಸೆ ಇದೆಯಾ ಮೇಷ್ಟ್ರೇ? ಗೇಟಿನ ವಿಷಯ ನೀವೇ ಬರೆದಿದ್ದೀರಿ, ಅದಕ್ಕೇ ಕೇಳ್ತಿದೀನಿ. ದಿನಾಂಕ ಎರಡು ವಾರ ಮುಂದಕ್ಕೆ ಹಾಕಿಸಿ, ಅಷ್ಟರಲ್ಲಿ ಡಾಕ್ಟರ ಹತ್ರ ಮಕ್ಕಳಿಲ್ಲದೆ ಒಬ್ಬರೇ ಹತ್ತು ನಿಮಿಷ ಮಾತಾಡಿ. ನಡುವೆ ಕಣ್ಣು ಕತ್ತಲೆ ಬಂದ್ರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಏನು ತೀರ್ಮಾನ ಮಾಡಿದ್ರಿ ಅಂತ ನನಗೊಂದು ಸಾಲು ಬರೀರಿ.

ಪ್ರಶ್ನೆ: ದೊಡ್ಡಮ್ಮನಿಗೆ ಟಾವಿ ಆಗಿ ಎಂಟು ತಿಂಗಳು, ಚೆನ್ನಾಗಿದಾರೆ. ಈಗ ಹಲ್ಲು ಕೀಳಿಸಬೇಕು. ಏನಾದ್ರೂ ಜಾಗ್ರತೆ?
- ಶಿರಸಿ

ಉತ್ತರ: ಹೌದು. ಹಲ್ಲು ಕೀಳುವಾಗ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೊಸ ವಾಲ್ವ್ ಮೇಲೆ ಕೂರಬಹುದು, ಅದು ದೊಡ್ಡ ಕಾಯಿಲೆ. ಅದಕ್ಕೇ ಕೀಳೋ ಅರ್ಧದಿಂದ ಒಂದು ಗಂಟೆ ಮುಂಚೆ ಒಂದೇ ಡೋಸ್ ಆಂಟಿಬಯಾಟಿಕ್ ಕೊಡ್ತಾರೆ, ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ, ಪೆನಿಸಿಲಿನ್ ಅಲರ್ಜಿ ಇದ್ರೆ ಬೇರೆದು. ಆಸ್ಪತ್ರೇಲಿ ಕೊಟ್ಟ ವಾಲ್ವ್ ಕಾರ್ಡನ್ನ ಹಲ್ಲಿನ ಡಾಕ್ಟರಿಗೆ ತೋರಿಸಿ. ಆಸ್ಪಿರಿನ್ ನೀವಾಗೇ ನಿಲ್ಲಿಸಬೇಡಿ. ಆಮೇಲೆ ಕಾರಣ ಗೊತ್ತಿಲ್ಲದ ಜ್ವರ ಮೂರು ದಿನ ಬಿಡದೆ ಬಂದ್ರೆ, ಅಂಗಡಿ ಮಾತ್ರೆ ನುಂಗೋ ಮುಂಚೆ ಬ್ಲಡ್ ಕಲ್ಚರ್, ಅಂದ್ರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ಯಾ ಅಂತ ನೋಡೋ ಪರೀಕ್ಷೆ, ಮಾಡಿಸಿ.